ಗೆರೆ ಮೀರಿದ ನೀರು

ಬಟನ್ ಒತ್ತಿದರೆ ಮೋಟಾರ್‌ಸೈಕಲ್ಲು ‘ಟಿಕ್’ ಎಂದಿತು, ಅಷ್ಟೇ. ಸೊಸೆ ಇನ್ನೊಮ್ಮೆ ಒತ್ತಿದಳು. ಹೆಡ್‌ಲೈಟು ಜ್ವರದ ಕಣ್ಣಿನಂತೆ ಮಂಕಾಗಿ ಉರಿದು ಆರಿಹೋಯಿತು.

ಪುಣ್ಯಕ್ಕೆ ಅವತ್ತು ರಜೆ. ಬೆಳಗ್ಗೆ ಎಂಟರೊಳಗೆ ಆರು ಆಸ್ಪತ್ರೆಗಳ ರಕ್ತದ ಮಾದರಿಗಳನ್ನು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಆ ತಿಂಗಳು ಎರಡು ಸಲ ತಡವಾಗಿತ್ತು. ಮೂರನೆಯ ಸಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲ್ವಿಚಾರಕ ಹೇಳಿಯಾಗಿತ್ತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. “ಮತ್ತೆ ಮುನಿಸಿಕೊಂಡಿತಾ?” ಎಂದರು.

ಆ ‘ಮತ್ತೆ’ ಸೊಸೆಯ ಕಿವಿಗೆ ಮುಳ್ಳಿನಂತೆ ಚುಚ್ಚಿತು. ಕೆಲಸಕ್ಕೆ ಸೇರಿದ ದಿನವೇ ಅತ್ತೆ, “ಎರಡು ಚಕ್ರ ನಂಬಿ ಯಾರು ಉದ್ಧಾರ ಆಗಿದಾರೆ?” ಎಂದಿದ್ದರು. ಗಂಡನಿಗೆ ದೂರದ ಊರಲ್ಲಿ ಕೆಲಸ. ಮನೆಯಲ್ಲಿ ಇದ್ದವರು ಇಬ್ಬರೇ.

ಗಾಡಿಯನ್ನು ತಳ್ಳಿಕೊಂಡೇ ಬೀದಿ ತುದಿಯ ಮೆಕ್ಯಾನಿಕ್ ಬಳಿ ಹೋದಳು. ಅವನು ಪಕ್ಕದ ಮುಚ್ಚಳ ತೆಗೆದು ಬ್ಯಾಟರಿಯನ್ನು ಹೊರಗೆಳೆದ. ತಂತಿ ಕಚ್ಚಿಸುವ ತುದಿಗಳಲ್ಲಿ ಬೂದುಬಣ್ಣದ ಪುಡಿ ಹೂಬಿಟ್ಟಂತೆ ಕಟ್ಟಿತ್ತು. ಅರೆಪಾರದರ್ಶಕ ಡಬ್ಬಿಯ ಮೇಲೆ ಎರಡು ಗೆರೆ. ನೀರು ಮೇಲಿನ ಗೆರೆಯನ್ನೂ ದಾಟಿ ಕತ್ತಿನವರೆಗೆ ಬಂದಿತ್ತು.

“ನಾನು ಗೆರೆ ಮಟ್ಟಕ್ಕೆ ಹಾಕಿ ಕಳಿಸಿದ್ದೆ ತಂಗಿ,” ಎಂದ. “ಆರು ತಿಂಗಳ ಬ್ಯಾಟರಿ, ಸುಮ್ಮಸುಮ್ಮನೆ ಸಾಯಲ್ಲ. ಇದಕ್ಕೆ ಯಾರೋ ಕೈ ಹಾಕ್ತಿದಾರೆ.”

“ಯಾರು ಹಾಕ್ತಾರಣ್ಣ?”

“ನನಗೇನು ಗೊತ್ತು? ಗಾಡಿ ಮಲಗೋದು ನಿಮ್ಮನೆಲಿ, ನಮ್ಮನೆಲಲ್ಲ.”

ಅವಳ ಮುಖ ಬಾಡಿದ್ದನ್ನು ಅವನು ಕಂಡ. ತನ್ನ ಸ್ವಂತ ಗಾಡಿಯ ಬ್ಯಾಟರಿಯನ್ನೇ ಬಿಚ್ಚಿ ಅವಳದಕ್ಕೆ ಕೂರಿಸಿದ. “ನಾಳೆಗೆ ಇದು ಇರಲಿ. ನಾನು ನಡಕೊಂಡು ಹೋಗ್ತೀನಿ, ಹೊಟ್ಟೆ ಕರಗುತ್ತೆ.”

ಮನೆಗೆ ಬಂದವಳ ಕಣ್ಣು ಎಲ್ಲದರ ಮೇಲೂ ಹರಿದಾಡಿತು. ಅಡುಗೆಮನೆಯ ಕೈಒರೆಸುವ ಬಟ್ಟೆಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತು. ಆಸಿಡ್ ತಾಗಿದರೆ ಹತ್ತಿ ಹಾಗೇ ಸುಟ್ಟುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತನ್ನ ಕೆಲಸ ಬಿಡಿಸಲು ಅತ್ತೆ ಇಷ್ಟಕ್ಕೂ ಇಳಿಯುವುದೇ? ಹಾಗಾದರೆ ದಿನಾ ತನಗಿಂತ ಮೊದಲೆದ್ದು ಬುತ್ತಿ ಕಟ್ಟಿಕೊಡುವುದು ಯಾವ ನಾಟಕ?

“ತಲೆನೋವು, ಸ್ವಲ್ಪ ಮಲಗ್ತೀನಿ,” ಎಂದು ಕೋಣೆ ಸೇರಿ, ಕಿಟಕಿಯ ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕೂತಳು.

ಹತ್ತು ನಿಮಿಷವೂ ಆಗಿರಲಿಲ್ಲ. ಅತ್ತೆ ಕಳ್ಳಹೆಜ್ಜೆ ಹಾಕುತ್ತ ಬಂದರು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಚಮಚ. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಚ್ಚಳ ತೆಗೆದರು. ಚಮಚ ಬ್ಯಾಟರಿಯ ಬಾಯಿಗೆ ಬರುವಷ್ಟರಲ್ಲಿ ಸೊಸೆ ಓಡಿಬಂದು ಅವರ ಕೈ ಹಿಡಿದಳು.

“ಏನತ್ತೆ ಇದು! ನನ್ನ ಕೆಲಸ ಕಳೆಯೋಕೆ ನೋಡ್ತಿದೀರಾ?”

“ಕಳೆಯೋದಾ?” ಅತ್ತೆಯ ದನಿ ಏರಿತು. “ಉಳಿಸ್ತಾ ಇದೀನಿ ಕಣೇ! ಆ ಮೆಕ್ಯಾನಿಕ್ ದೊಡ್ಡ ಕಳ್ಳ. ಡಬ್ಬಿ ಬಾಯಿ ತುಂಬ ಹಾಕದೆ ಕಂಠಕ್ಕಿಂತ ಕೆಳಗೇ ನಿಲ್ಲಿಸ್ತಾನೆ. ಕೇಳೋರಿಲ್ಲದ ಹೆಣ್ಣು ಅಂತ ನಿನಗೆ ಕಮ್ಮಿ ಅಳತೆ ಕೊಡ್ತಾನೆ. ಹಾಲಿನವನು ಹಂಗೆ ಕೊಟ್ರೆ ನಾನು ಬಿಡ್ತೀನಾ?”

ಸೊಸೆ ಪಾತ್ರೆಯೊಳಗೆ ಇಣುಕಿದಳು.

“ಶುದ್ಧ ನೀರೇ ಬೇಕು ಅಂದಿದ್ದೆ ನೀನು. ಎರಡು ಸಲ ಕುದಿಸಿ, ಆರಿಸಿ, ಬಟ್ಟೇಲಿ ಸೋಸಿದೀನಿ. ಉಕ್ಕಿದ್ದನ್ನ ಅಡುಗೆಮನೆ ಬಟ್ಟೇಲೇ ಒರೆಸಿದೀನಿ. ನಿನಗೆ ಹೇಳಿದ್ರೆ ‘ಅಣ್ಣ ಒಳ್ಳೆಯವನು’ ಅಂತ ಅವನ ಪರವೇ ವಾದಿಸ್ತೀಯ.” ಅತ್ತೆ ಸ್ವಲ್ಪ ತಡೆದು, ಅವಳನ್ನೇ ದಿಟ್ಟಿಸಿದರು. “ಅದಿರಲಿ, ನಿನ್ನ ಅನುಮಾನ ನನ್ನ ಮೇಲಾ?”

“ಹೌದತ್ತೆ.” ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅತ್ತೆ ಪಾತ್ರೆಯ ನೀರನ್ನು ನೆಲಕ್ಕೆ ಚೆಲ್ಲಿದರು. “ನಡಿ, ಅವನ ಹತ್ರ ಹೋಗೋಣ. ನನ್ನೆದುರಿಗೇ ಹೇಳಲಿ,” ಎಂದರು.

ಮೆಕ್ಯಾನಿಕ್ ನಗಲಿಲ್ಲ. ಸ್ಟೂಲು ಒರೆಸಿ ಅತ್ತೆಯನ್ನು ಕೂರಿಸಿ, ಬೆಳಗ್ಗೆ ಬಿಚ್ಚಿದ್ದ ಬ್ಯಾಟರಿಯನ್ನು ಮುಂದಿಟ್ಟ. “ಅಮ್ಮಾ, ಕುದಿಸಿದ್ರೆ ಹುಳ ಸಾಯುತ್ತೆ. ನೀರಲ್ಲಿರೋ ಉಪ್ಪು ಎಲ್ಲಿಗೆ ಹೋಗುತ್ತೆ? ಅದು ಒಳಗಿನ ತಗಡನ್ನ ತಿನ್ನುತ್ತೆ. ಬಾಯಿ ತುಂಬ ಹಾಕಿದ್ರೆ ಆಸಿಡ್ ಉಕ್ಕಿ ಹೊರಗೆ ಬರುತ್ತೆ. ಅದಕ್ಕೇ ಈ ಗೆರೆ.”

ಅತ್ತೆ ಕನ್ನಡಕ ಏರಿಸಿ ಬಗ್ಗಿದರು. “ಈ ಗೆರೆ ಹಾಕಿದವನು ಯಾರು?”

“ಬ್ಯಾಟರಿ ಮಾಡಿದವರು.”

“ಅವರನ್ನ ನೀನು ನೋಡಿದೀಯಾ?”

“ಇಲ್ಲಮ್ಮ.”

“ಹ್ಞೂಂ,” ಎಂದರು ಅತ್ತೆ.

ಮರುದಿನ ಬೆಳಗ್ಗೆ ಬುತ್ತಿ ಹಿಡಿದು ಅತ್ತೆ ಗಾಡಿಯ ಪಕ್ಕದಲ್ಲೇ ನಿಂತಿದ್ದರು. ಸೊಸೆ ಬಟನ್ ಒತ್ತಿದಳು. ಒಂದೇ ಏಟಿಗೆ ಎಂಜಿನ್ ಗುಡುಗಿತು.

“ತಡಿ ತಡಿ,” ಎಂದು ಅತ್ತೆ ಬಗ್ಗಿ, ಮುಚ್ಚಳ ಸರಿಸಿ ಒಳಗೆ ಇಣುಕಿದರು. “ಗೆರೆಗಿಂತ ಒಂದು ಕೂದಲೆಳೆ ಕಮ್ಮಿ ಇದೆ. ಸಂಜೆ ಬರ್ತಾ ಅವನನ್ನ ಕೇಳು. ನಾನು ಮುಟ್ಟಿಲ್ಲ, ಆಣೆ.”

“ಕೇಳ್ತೀನತ್ತೆ,” ಎಂದು ಸೊಸೆ ಗೇರು ಹಾಕಿದಳು. ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಲ್ಯಾಬಿನ ಮೇಜಿನ ಮೇಲೆ ಮಾದರಿಗಳ ಪೆಟ್ಟಿಗೆ ಕೂತಿತ್ತು.