ಮಾಳಿಗೆ ಮಣ್ಣು

ನಮ್ಮ ಮನೆಯ ನೆತ್ತಿಯ ಮೇಲೆ ಹುಲ್ಲು ಬೆಳೆದಿದೆ ಎಂಬುದನ್ನು ನಾನು ಯಾವ ಗೆಳತಿಗೂ ಹೇಳಿರಲಿಲ್ಲ. ಬಿ.ಎ. ಮುಗಿಸಿ ದಾದರಿನ ಟೈಪಿಂಗ್ ಕ್ಲಾಸಿಗೆ ಹೋಗುವ ಹುಡುಗಿ, ಬೆಳಿಗ್ಗೆ ಎದ್ದ ಕೂಡಲೇ ಗಚ್ಚಿ ಹತ್ತಿ ಮಣ್ಣಿಗೆ ನೀರು ಚಿಮುಕಿಸುತ್ತಾಳೆಂದರೆ ಯಾರು ನಗುವುದಿಲ್ಲ? ಉಗುರಿನ ಸಂದಿಯಲ್ಲಿ ಉಳಿದ ಮಣ್ಣನ್ನು ಲೋಕಲ್ ರೈಲಿನಲ್ಲಿ ನಿಂತು, ಸೆರಗಿನ ಮರೆಯಲ್ಲಿ ಪಿನ್ನಿನಿಂದ ತೆಗೆಯುತ್ತಿದ್ದೆ.

ಎಲ್ಲ ಶುರುವಾದದ್ದು ಅಜ್ಜಿಯಿಂದ. ಚನ್ನವ್ವಜ್ಜಿ ಆ ಬೇಸಿಗೆಯಲ್ಲಿ ವಿಜಾಪುರದ ಕಡೆಯ ಊರಿನಿಂದ ಕಣ್ಣಿನ ಪೊರೆ ತೆಗೆಸಲು ಮುಂಬಯಿಗೆ ಬಂದಿದ್ದಳು. ಪರೇಲಿನ ಆಸ್ಪತ್ರೆಯಲ್ಲಿ ಮೇ ತಿಂಗಳಿಗೆ ಆಪರೇಶನ್ ಗೊತ್ತಾಯಿತು. ಆಮೇಲೆ ಕಣ್ಣಿನ ಪಟ್ಟಿಯೊಳಗೆ ಬೆವರು ಇಳಿಯಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿಗೆ ಮೂರೇ ಮಹಡಿ. ಕೊನೆಯ ಮಹಡಿಯಲ್ಲಿ ನಾವು, ಎದುರಿಗೆ ಬ್ಲೌಸು ಹೊಲಿಯುವ ಇಂದ್ರಾಬಾಯಿ. ಎರಡೂ ಮನೆಗಳಿಗೆ ತಲೆಯ ಮೇಲೆ ಬರಿಯ ಸ್ಲ್ಯಾಬು. ಮಧ್ಯಾಹ್ನ ಅದು ಕಾದರೆ ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿತ್ತು.

“ರೊಟ್ಟಿ ಹಂಚಿನ ಬುಡಕ ಮಲಗಿದಾಂಗ ಆಗ್ತದಲ್ಲೋ ಬಸವಂತ,” ಎಂದಳು ಅಜ್ಜಿ ಅಪ್ಪನಿಗೆ. “ನಮ್ಮ ಊರ ಮಾಳಗಿ ಮ್ಯಾಲ ಮಣ್ಣ ಅದ. ಎಂಥಾ ಬ್ಯಾಸಗ್ಯಾಗೂ ಒಳಗ ಬಾವ್ಯಾಗ ಕುಂತಾಂಗ ತಣ್ಣಗ. ಇಲ್ಲೂ ಹಾಕೋಣು.”

ಅಪ್ಪ ಮೊದಲು ನಕ್ಕರು. ಅಜ್ಜಿಯ ದಿಂಬು ಹಿಂಡಿದರೆ ನೀರು ಬರುವಂತಾದ ಮೇಲೆ ನಗಲಿಲ್ಲ. ನನ್ನನ್ನು ಕರೆದುಕೊಂಡು ಮೊದಲನೇ ಮಹಡಿಯ ತಿರುಮಲೇಶರ ಮನೆಗೆ ಇಳಿದರು. ಅವರು ಸೊಸೈಟಿಯ ಸೆಕ್ರೆಟರಿ, ಮೈಸೂರಿನವರು.

“ಏನ್ರೀ ಬಸವಂತಪ್ಪ, ಗಚ್ಚಿ ಮೇಲೆ ಹೊಲ ಮಾಡ್ತೀರಾ? ಎತ್ತುಗಳ್ನ ಹ್ಯಾಗೆ ಹತ್ತಿಸ್ತೀರಿ, ಲಿಫ್ಟೇ ಇಲ್ವಲ್ಲ!” ಎಂದು ಅವರು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ, “ಎದುರು ಮನೆಯಾಕೆ ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ. ನೀನೇ ಕೇಳ್ಬಿಡಮ್ಮ, ಓದಿದೋಳು,” ಎಂದು ನನ್ನ ಕಡೆ ತಿರುಗಿದರು. ಅವರ ಮುಂದೆ ಬಾಯಿ ತೆರೆದರೆ ನಮ್ಮ ಕಡೆಯ ಮಾತು ಹೊರಬಿದ್ದೀತೆಂದು ನಾನು ಬರೀ ತಲೆಯಾಡಿಸಿದೆ.

ಇಂದ್ರಾಬಾಯಿಯ ಬಾಗಿಲಲ್ಲಿ ನಿಂತು ಹೇಗೆ ಕೇಳುವುದೆಂದು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಕೇಳಿಸಿಕೊಂಡವರೇ ಆಕೆ ಹೊಲಿಗೆ ಮಷಿನ್ನಿನಿಂದ ಎದ್ದುಬಿಟ್ಟರು. “ಅಗ, ನನ್ನ ಮಾಹೇರ ಸೋಲಾಪುರ! ನಮ್ಮ ತವರಮನೀದೂ ಮಣ್ಣಿನ ಮಾಳಗೀನ. ನನ್ನ ತಲೀ ಮ್ಯಾಲೂ ಹಾಕ್ರಿ ಬಾಯಿ.”

ಅಜ್ಜಿಗೆ ಹೇಳಿದಾಗ, “ಮತ್ತ! ಅರ್ಧಾ ತಲೀಗಷ್ಟ ಎಣ್ಣಿ ಹಚ್ಚತಾರೇನು?” ಎಂದಳು.

ಹತ್ತಿರದಲ್ಲಿ ಅಡಿಪಾಯ ತೋಡುತ್ತಿದ್ದ ಕಡೆಯಿಂದ ಮಣ್ಣು ತಂದೆವು. ಅಪ್ಪ ಆಫೀಸಿಗೆ ಹೋಗುವ ಮುಂಚೆ ಒಂದಿಷ್ಟು, ಬಂದ ಮೇಲೆ ಒಂದಿಷ್ಟು, ಹಗಲೆಲ್ಲ ನಾನು. ಬುಟ್ಟಿ ಹೊತ್ತು ಹತ್ತುವಾಗ ಒಂದೊಂದು ಬಾಗಿಲೂ ನನ್ನನ್ನು ನೋಡುತ್ತಿತ್ತು. ಅಜ್ಜಿ ಮಂಜುಗಣ್ಣಿನಲ್ಲೇ ಗಚ್ಚಿಯ ಮೇಲೆ ಕುಂಡೆಯೂರಿ ಕೂತು, ಮಣ್ಣಿನೊಳಗೆ ಬೆರಳು ಇಳಿಸಿ ದಪ್ಪ ನೋಡಿ, ಅಂಗೈಯಿಂದ ಬಡಿದು ಸಮ ಮಾಡಿದಳು. ಮೆಂತ್ಯ, ರಾಜಗಿರಿ ಬೀಜ ಚೆಲ್ಲಿದಳು. ಈ ಊರಿಗೆ ಬಂದ ಮೇಲೆ ಅವಳು ಯಾರಿಗಾದರೂ ಬೇಕಾದವಳಂತೆ ಕಂಡದ್ದು ಆಗಲೇ. ಅಲ್ಲಿಯವರೆಗೆ ನಾವು ಅವಳನ್ನು ಕೈಹಿಡಿದು ಬಚ್ಚಲಿಗೆ ಬಿಟ್ಟು ಬರುತ್ತಿದ್ದೆವು, ಅಷ್ಟೇ.

ಮಾಳಿಗೆಯ ಮಣ್ಣು ಕೆಲಸ ಮಾಡಿತು. ಮೇ ತಿಂಗಳಲ್ಲಿ ಆಪರೇಶನ್ ಆದ ಮೇಲೂ ಅಜ್ಜಿಯ ಪಟ್ಟಿ ಒಣಗಿಯೇ ಇತ್ತು. ಎದುರು ಮನೆಯ ಮಷಿನ್ನು ಮಧ್ಯಾಹ್ನದ ಹೊತ್ತಿನಲ್ಲೂ ಓಡುವ ಸದ್ದು ಕೇಳುತ್ತಿತ್ತು. ಪಟ್ಟಿ ಬಿಚ್ಚಿ ಹಸಿರು ಗಾಜಿನ ಕನ್ನಡಕ ಹಾಕಿಸಿದ ಮೇಲೆ ಅಜ್ಜಿ ಮೊದಲು ಕೇಳಿದ್ದು ಗಚ್ಚಿಗೆ ಕರೆದೊಯ್ಯಲು. ಮಳೆ ಆಗತಾನೇ ಹಿಡಿದಿತ್ತು. ಕನ್ನಡಕ ತೆಗೆದು ಹುಲ್ಲನ್ನು ನೋಡಿದಳು. “ಎವ್ವಾ, ಏನ ಹಸರ ಅದು!” ಎಂದು ಅತ್ತಳು. ಕಣ್ಣೀರು ಬರಬಾರದೆಂದು ನಾನು ಬೈದೆ.

ಆಮೇಲಿನದು ನನಗೆ ಅರ್ಥವಾಗಬೇಕಿತ್ತು. ರಾಜಗಿರಿ ಪಲ್ಯದ ಸೊಪ್ಪು ಕೊಡಲು ಹೋದಾಗ ಇಂದ್ರಾಬಾಯಿ ಬಾಗಿಲನ್ನು ಅರ್ಧ ಮಾತ್ರ ತೆರೆದರು. “ಒಳಗ ಸಾಮಾನಿನ ಪಸಾರಾ ಭಾಳ ಆಗೇದ, ನಂತರ ಬಾ ಹಂ.” ಮರುವಾರವೂ ಅರ್ಧ ಬಾಗಿಲು. ನನಗೆ ಒಳಗೊಳಗೇ ನೆಮ್ಮದಿ. ಒಳಗೆ ಕರೆದಿದ್ದರೆ ಕೂರಬೇಕು, ಮಾತಾಡಬೇಕು. ಮಷಿನ್ನಿನ ಸದ್ದು ನಿಂತಿರುವುದನ್ನು ಕೂಡ ನಾನು ಗಮನಿಸಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ನನ್ನ ಬ್ಲೌಸು ತರಲು ಹೋದೆ. ಬಾಗಿಲು ಒರಗಿಸಿತ್ತು. ದೂಡಿದೆ.

ಟಪ್. ಟಪ್. ಪಾತೇಲಿ, ಬಕೆಟ್, ಹಿಟ್ಟಿನ ಡಬ್ಬಿಯ ಮುಚ್ಚಳ, ನೆಲದ ತುಂಬ ಏನೇನೋ ಇಟ್ಟಿದ್ದರು. ಸೂರಿನಲ್ಲಿ ಕಪ್ಪು ಕಲೆ ಹಬ್ಬಿತ್ತು. ಮಷಿನ್ನು ಪ್ಲಾಸ್ಟಿಕ್ ಹೊದ್ದು ಒಲೆಯ ಪಕ್ಕಕ್ಕೆ ಸರಿದಿತ್ತು. ಹೊಲಿಯಲು ಕೊಟ್ಟವರ ಬಟ್ಟೆಗಳು ಅಡುಗೆಮನೆಯ ಹಗ್ಗಕ್ಕೆ ನೇತುಬಿದ್ದಿದ್ದವು. ಕೆಲವುಗಳ ಮೇಲೆ ಮಣ್ಣುಬಣ್ಣದ ಉಂಗುರ.

ಇಂದ್ರಾಬಾಯಿ ಒದ್ದೆ ಅರಿವೆ ಹಿಂಡುತ್ತಿದ್ದವರು ತಿರುಗಿ ನೋಡಿದರು. ಕದ್ದು ಸಿಕ್ಕಿಬಿದ್ದವರಂತೆ ಕಂಡದ್ದು ಅವರು, ನಾನಲ್ಲ.

“ಅಜ್ಜೀಗ ಹೇಳಬ್ಯಾಡ,” ಎಂದರು. “ಹೊಸಾ ಕಣ್ಣಿಂದ ಆಕಿ ನೋಡಿದ್ದ ಮೊದಲ ಹಸರು ಅದು. ಮಳಿ ಏನು, ನಿಂದರ್ತದ.”

ಮುಂಬಯಿಯ ಮಳೆ ಗಣಪತಿ ಹಬ್ಬ ಕಳೆದರೂ ನಿಲ್ಲುವುದಿಲ್ಲವೆಂದು ಆಕೆಗೂ ಗೊತ್ತು. ನಾನು ಬ್ಲೌಸು ಕೂಡ ಕೇಳದೆ ಹೊರಬಂದು, ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟು ಗಚ್ಚಿಗೆ ಓಡಿದೆ.

ಇಂದ್ರಾಬಾಯಿಯ ಮನೆಯ ಮೇಲಿನ ಭಾಗದಲ್ಲಿ ಹುಲ್ಲಿನ ನಡುವೆ ನೀರು ಕೆರೆಯಂತೆ ನಿಂತಿತ್ತು. ಗಚ್ಚಿಯ ನೀರೆಲ್ಲ ಇಳಿದು ಹೋಗುವ ಪೈಪು ಆ ಮೂಲೆಯಲ್ಲೇ ಇತ್ತು. ಅದರ ಬಾಯಿ ಎಲ್ಲಿದೆಯೆಂದೇ ಕಾಣದಂತೆ ಮಣ್ಣು ಕೊಚ್ಚಿ ಬಂದು ಕೂತಿತ್ತು. ಮೊಣಕಾಲೂರಿ ಎರಡೂ ಕೈಯಿಂದ ಬಗೆದೆ. ಎದುರಿನ ಬಿಲ್ಡಿಂಗಿನ ಬಾಲ್ಕನಿಯಿಂದ ಯಾರೋ ಸಿಳ್ಳೆ ಹಾಕಿದರು. ಮೈಗೆ ಅಂಟಿದ ಸೀರೆಯನ್ನು ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ.

“ಅಂಬವ್ವಾ, ಏನ ಮಾಡ್ತಿ?”

ಅಜ್ಜಿ! ತಲೆಗೆ ಗೋಣಿಚೀಲದ ಕೊಪ್ಪೆ, ಕಣ್ಣಿಗೆ ಹಸಿರು ಕನ್ನಡಕ. ಗಚ್ಚಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ ಬಂದಿದ್ದಳು.

“ಕಣ್ಣಿಗೆ ನೀರು ತಾಕಬಾರದು, ಇಳಿ ಅಜ್ಜಿ!”

ಅವಳು ಇಳಿಯಲಿಲ್ಲ. ನಿಂತ ನೀರನ್ನು ನೋಡಿದಳು, ನನ್ನ ಕೈಗಳನ್ನು ನೋಡಿದಳು. “ಇದರ ಬುಡಕ ಯಾರ ಮನಿ ಅದ?”

ನಾನು ತಲೆ ಬಗ್ಗಿಸಿದೆ. ಅವಳಿಗೆ ಅಷ್ಟು ಸಾಕಾಯಿತು. “ನಮ್ಮೂರಾಗ ವರ್ಷಾಪೂರ್ತಿ ಬೀಳೂ ಮಳಿ ಇಲ್ಲಿ ಒಂದ ದಿನಕ್ಕ ಬೀಳ್ತದ,” ಎಂದಳು, ಯಾರಿಗೆಂದಿಲ್ಲದೆ. ಆಮೇಲೆ ನನ್ನ ಭುಜ ಹಿಡಿದು ಕೆಳಗಿಳಿದು, ನೇರ ಎದುರು ಮನೆಗೆ ಹೋಗಿ, ಆ ಪಾತೇಲಿ ಬಕೆಟ್ಟುಗಳ ನಡುವೆ ಕೂತುಬಿಟ್ಟಳು. ಒಂದು ಹನಿ ಅವಳ ಕೊಪ್ಪೆಯ ಮೇಲೆ ಬಿತ್ತು.

“ಬಾಯಿ, ನನಗ ಬೈ.”

“ಬೈಯಾಕ ನನಗ ಕನ್ನಡ ಅಷ್ಟ ಚಲೋ ಬರಾಂಗಿಲ್ಲ ಅಜ್ಜಿ,” ಎಂದರು ಇಂದ್ರಾಬಾಯಿ.

“ಮರಾಠ್ಯಾಗ ಬೈ. ಬೈಗಳಾ ತಿಳೀತಾವ.”

ಇಂದ್ರಾಬಾಯಿ ಬೈಯಲಿಲ್ಲ. ಒಂದು ಒಣ ಅರಿವೆ ತಂದು ಅಜ್ಜಿಯ ಮುಖ ಒರೆಸಿದರು, ಕಣ್ಣಿಗೆ ತಾಗದಂತೆ ಸುತ್ತ ಸುತ್ತ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.

ಅಂದು ಸಂಜೆಯೇ ಅಪ್ಪ ಗುದ್ದಲಿ ಹಿಡಿದರು. ಅಜ್ಜಿಯದೇ ತೀರ್ಪು: “ಬಾಯಿ ಮನಿ ಮ್ಯಾಲಿಂದೆಲ್ಲಾ ತಗೀರಿ. ನಮ್ಮ ಮ್ಯಾಲಿಂದು ಇರಲಿ. ಸೋರಿದ್ರ ನಮ್ಮ ತಲೀ ಮ್ಯಾಲ ಸೋರಲಿ, ಆಗ ಗೊತ್ತಾಗ್ತದ.” ನಮ್ಮ ಭಾಗದ ಅಂಚಿಗೆ ಇಟ್ಟಿಗೆಯ ಸಾಲಿಟ್ಟು, ನೀರು ಹರಿಯಲು ಸಂದಿ ಬಿಟ್ಟೆವು. ತಮ್ಮ ಕಡೆಯ ಗಿಡಗಳನ್ನು ಎಣ್ಣೆ ಡಬ್ಬಿಗಳಲ್ಲಿ ನೆಟ್ಟು ಇಟ್ಟಿಗೆಯ ಮೇಲೆ ಇಡಬೇಕೆಂದು ಇಂದ್ರಾಬಾಯಿಯೇ ಹೇಳಿದರು. “ಕೆಳಗಿಂದ ಪಾಣೀ ಹೋಗ್ತದ, ಮ್ಯಾಲ ನೆಳ್ಳೂ ಆಗ್ತದ.” ಬೇಸಿಗೆಯಲ್ಲಿ ತಮಗೂ ತಂಪು ಬೇಕು ಎಂದು ಅವರು ನಗುತ್ತ ಹೇಳಿದಾಗಲೂ ನನಗೆ ಅವರ ಮುಖ ನೋಡಲಾಗಲಿಲ್ಲ.

ಹತ್ತಿಸಿದ ಮಣ್ಣನ್ನು ಈಗ ಇಳಿಸಬೇಕಿತ್ತು. ಹಸಿ ಮಣ್ಣು, ದುಪ್ಪಟ್ಟು ಭಾರ. ಬುಟ್ಟಿಯಿಂದ ಕೆಸರು ನನ್ನ ಕಿವಿಯ ಹಿಂದೆ ಇಳಿಯುತ್ತಿತ್ತು. ಮೊದಲನೇ ಮಹಡಿಯಲ್ಲಿ ತಿರುಮಲೇಶರು ಚಹಾ ಕಪ್ಪು ಹಿಡಿದು ಬಾಗಿಲಿಗೆ ಬಂದರು.

“ಏನಮ್ಮ, ಸುಗ್ಗಿ ಮುಗೀತೇನು?”

ತಲೆಯಾಡಿಸಿ ಇಳಿದುಬಿಡಬಹುದಿತ್ತು. ನಿಂತೆ. “ಇಲ್ರೀ,” ಎಂದೆ. ದನಿ ಮೆಟ್ಟಿಲುಗಳ ಉದ್ದಕ್ಕೂ ದೊಡ್ಡದಾಗಿ ಕೇಳಿತು. “ಇಂದ್ರಾಬಾಯಿ ಮನಿ ಸೋರಾಕತ್ತದ. ನಮ್ಮ ಮಣ್ಣಿಂದ. ಪೈಪು ನೋಡಬೇಕಿತ್ತು, ನಾ ನೋಡ್ಲಿಲ್ಲ. ಕೇಳಬೇಕಿತ್ತು, ಕೇಳ್ಲಿಲ್ಲ.”

ಅವರು ಕಪ್ಪು ಕೆಳಗಿಳಿಸಿದರು. ನನ್ನ ಹೆಗಲ ಮೇಲಿಂದ ಆಚೆ ನೋಡಿದರು. ತಿರುಗಿದೆ. ಎರಡು ಮೆಟ್ಟಿಲು ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಇಂದ್ರಾಬಾಯಿ ನಿಂತಿದ್ದರು.

“ಚಲ್ ಗ ಬಾಯಿ, ನಡೀ,” ಎಂದರು. “ಕತ್ತು ನೋಯ್ತದ.”

ನಾನು ಗೋಡೆಗೆ ಒತ್ತಿ ನಿಂತು, ಅವರಿಗೆ ಮುಂದೆ ಹೋಗಲು ದಾರಿ ಬಿಟ್ಟೆ.