ಎಂಟು ಬೋಲ್ಟು

ವ್ಯಾನಿನ ಹಿಂಬಾಗಿಲನ್ನು ಗಾಳಿ ಮತ್ತೆ ಮತ್ತೆ ಬಡಿದು ಮುಚ್ಚುತ್ತಿತ್ತು. ಕೊನೆಗೆ ಸತ್ತವನ ಹಳೆಯ ಪಾಲುದಾರ ಅದಕ್ಕೆ ಬೆನ್ನು ಕೊಟ್ಟು ನಿಂತ ಮೇಲೆಯೇ ಪೆಟ್ಟಿಗೆ ಒಳಗೆ ಹೋಯಿತು. ಅದರೊಳಗಿದ್ದವನು ಒಂದು ಕಾಲಕ್ಕೆ ಅವನ ಜೊತೆ ಊರಿನ ಅರ್ಧಕ್ಕರ್ಧ ಅಂಗಡಿಗಳಿಗೆ ಬೋರ್ಡು ಕೂರಿಸಿದವನು.

ವರ್ಷವಿಡೀ ಕಡಲಿನಿಂದ ಗಾಳಿ ನುಗ್ಗುವ ಊರದು. ಬಾಗಿಲಿಗೆ ಮರದ ಬೆಣೆ ಇಲ್ಲದ ಮನೆಯಿಲ್ಲ. ಎದುರಿಗಿದ್ದವರ ಜೊತೆಯೂ ದನಿಯೆತ್ತಿ ಮಾತಾಡಿ ಅಭ್ಯಾಸವಾಗಿ, ಹೊಸದಾಗಿ ಬಂದವರಿಗೆ ಇಲ್ಲಿಯವರೆಲ್ಲ ಜಗಳಗಂಟರಂತೆ ಕಾಣುತ್ತಾರೆ.

ಮೇಲಿನ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕೂತು, ಹದಿನೆಂಟು ವರ್ಷ ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ ಮಹರಾಯ ಎನ್ನುತ್ತಿದ್ದಳು. ಏಣಿ ಹೆಗಲಿಗೇರಿಸಿ ಹೊರಟರೆ, ಯಾರ ಬೋರ್ಡಾದರೂ ಸರಿ, ಯಾರೂ ಕರೆಯದೆ, ಕಾಸು ಕೇಳದೆ ಹತ್ತಿ ಬೋಲ್ಟು ಬಿಗಿದು ಇಳಿಯುತ್ತಿದ್ದ. ಮಕ್ಕಳಿಗೆ ಅವನು ಬೋಲ್ಟು ಮಾಮ. ಅವನ ತಲೆಯದೇ ಒಂದು ಸಡಿಲವಾಗಿದೆ ಎಂದು ದೊಡ್ಡವರು ನಗುತ್ತಿದ್ದರು. ಮೊನ್ನೆ ಬೇಕರಿಯ ಮುಂದೆ ಗಾಳಿಗೆ ಏಣಿ ಜಾರಿತು.

ಅವನ ಹೆಂಡತಿಯನ್ನು ಮಗಳು ಕೈಹಿಡಿದು ವ್ಯಾನು ಹತ್ತಿಸಿದಳು.

*

ಹದಿನೆಂಟು ವರ್ಷದ ಹಿಂದೆ ಅವನೂ ಪಾಲುದಾರನೂ ಔಷಧದಂಗಡಿಗೆ ಹೊಸ ಬೋರ್ಡು ಕೂರಿಸುತ್ತಿದ್ದಾಗ ಮನೆಯಿಂದ ಫೋನು ಬಂದಿತ್ತು. ಮಗಳಿಗೆ ಜ್ವರ ನೆತ್ತಿಗೇರಿದೆ, ತಕ್ಷಣ ಬನ್ನಿ ಎಂದು ಹೆಂಡತಿ ಕರೆದಿದ್ದಳು. ಎಂಟು ಬೋಲ್ಟಿನಲ್ಲಿ ನಾಲ್ಕನ್ನು ಅವಸರದಲ್ಲಿ ಬಿಗಿದು, ಉಳಿದ ನಾಲ್ಕನ್ನು ಪಾಲುದಾರನಿಗೆ ಒಪ್ಪಿಸಿ ಅವನು ಓಡಿ ಬಂದ.

ಮೂರನೆಯ ದಿನ ಬೋರ್ಡು ಬಿತ್ತು. ಕೆಳಗೆ ಬಸ್ಸಿಗೆ ಕಾಯುತ್ತಿದ್ದವಳು ಒಬ್ಬ ಟೀಚರು. ಮದುವೆಯಾಗಿ ಎರಡು ತಿಂಗಳು. ಅಲ್ಲೇ ಪ್ರಾಣ ಹೋಯಿತು.

ಗೋಡೆಯ ಗಾರೆಯೇ ಕಿತ್ತು ಬಂದಿದ್ದರಿಂದ ಯಾವ ಬೋಲ್ಟು ಹೇಗಿತ್ತೆಂದು ಗೊತ್ತಾಗುವಂತಿರಲಿಲ್ಲ. ಎಂಟೂ ಬೋಲ್ಟು ಹಾಕಿದ್ದೆವು ಎಂದು ಪಾಲುದಾರ ವಿಚಾರಣೆಯಲ್ಲಿ ಹೇಳಿದ. ಗೋಡೆ ಹಳೆಯದು, ಗಾಳಿ ಜೋರಿತ್ತು ಎಂದು ಬರೆದು ಕಡತ ಮುಚ್ಚಿದರು.

ಗಂಡ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತ.

"ಅವನ ನಾಲ್ಕು ಗಟ್ಟಿಯಾಗೇ ಇತ್ತು," ಎಂದ. "ನಾನು ಬಿಗಿದಿದ್ದೇ ಸಡಿಲ ಇತ್ತು ಕಣೇ."

ನಾನು ಫೋನು ಮಾಡಿದ್ದರಿಂದಲಾ ಎಂದು ಅವಳು ಕೇಳಲಿಲ್ಲ. ಅವನೂ ಹಾಗೆ ಅನ್ನಲಿಲ್ಲ. ಆದರೆ ಅಂದಿನಿಂದ ಆ ಮಾತು ಇಬ್ಬರ ನಡುವೆ ಊಟಕ್ಕೆ ಕೂರುತ್ತಿತ್ತು, ಮಲಗುತ್ತಿತ್ತು. ಅವನು ಮತ್ತೆ ಕೂಲಿಗೆ ಬೋರ್ಡು ಕೂರಿಸಲು ಹೋಗಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಮನೆ ನಡೆಸಿದಳು. ಮಗಳು ದೊಡ್ಡವಳಾದಳು, ಜ್ವರ ಬಂದರೆ ಯಾರಿಗೂ ಹೇಳದೆ ಮಲಗುವುದನ್ನು ಕಲಿತಳು.

*

ಸ್ಮಶಾನ ಕಡಲಿನ ಪಕ್ಕದ ದಿಬ್ಬದ ಮೇಲಿತ್ತು. ಎರಚಿದ ಮಣ್ಣು ಎರಚಿದವರ ಮುಖಕ್ಕೇ ವಾಪಸು ಬರುತ್ತಿತ್ತು. ಬಂದಿದ್ದ ನಾಲ್ಕಾರು ಜನ ಕಣ್ಣು ಒರೆಸಿಕೊಂಡು ಹೊರಟರು.

ಪಾಲುದಾರ ಅವಳ ಹತ್ತಿರ ಬಂದು ತಲೆ ತಗ್ಗಿಸಿ ಏನೋ ಹೇಳಿದ.

"ಕೇಳಿಸಲಿಲ್ಲ," ಎಂದಳು.

"ನನ್ನ ನಾಲ್ಕು ಬೋಲ್ಟು ನಾನು ಹಾಕಿರಲಿಲ್ಲ ಅತ್ತಿಗೆ."

ಮೊದಲ ಸಲವೇ ಅವಳಿಗೆ ಕೇಳಿಸಿತ್ತು. "ಇನ್ನೂ ಜೋರಾಗಿ ಹೇಳಿ," ಎಂದಳು.

ಅವನು ಗಂಟಲೆತ್ತಿ ಹೇಳಿದ. ಹಾರೆ ಹಿಡಿದಿದ್ದ ಇಬ್ಬರು ಕೆಲಸಗಾರರು ತಿರುಗಿ ನೋಡಿದರು. ಮಗಳು ನಿಂತಲ್ಲೇ ನಿಂತಳು. ಅವತ್ತು ಗಾಳಿ ಎದ್ದಿತ್ತು, ಏಣಿಯ ಮೇಲೆ ನಿಲ್ಲಲು ಹೆದರಿಕೆಯಾಯಿತು, ನಾಳೆ ಹಾಕಿದರಾಯಿತು ಎಂದು ಇಳಿದೆ. ಮರುದಿನ ಬೇರೆ ಕೆಲಸ ಬಂತು, ಮರೆತೇಬಿಟ್ಟೆ ಎಂದು ಅವನು ತಡವರಿಸಿದ.

"ಇವರಿಗೆ ಯಾಕೆ ಹೇಳಲಿಲ್ಲ?" ಮಣ್ಣಿನ ಗುಡ್ಡೆಯತ್ತ ಕೈ ತೋರಿಸಿ ಅವಳು ಕೇಳಿದಳು.

"ಹೇಳ್ಬೇಕು ಅಂತಾನೇ ವಾರಾವಾರ ಮನೆಗೆ ಬರ್ತಿದ್ದೆ. ನೀನಾದ್ರೂ ಕೆಲಸ ಸರಿಯಾಗಿ ಮಾಡಿದ್ಯಲ್ಲ, ಅಷ್ಟು ಸಾಕು ಅಂತ ಅವನೇ ಅಂತಿದ್ದ. ಆಮೇಲೆ ಬಾಯಿ ಬರ್ತಿರಲಿಲ್ಲ."

ಅವಳು ಹೊಸ ಮಣ್ಣಿನ ಕಡೆ ಬಗ್ಗಿ, ಒಳಗಿದ್ದವನಿಗೆ ಏನೋ ಹೇಳುವವಳಂತೆ ಬಾಯಿ ತೆರೆದಳು. ಗಾಳಿ ಬಾಯಿಗೇ ನುಗ್ಗಿತು. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ನೆಟ್ಟಗೆ ನಿಂತಳು.

ಮಣ್ಣು ಹಾರಿಹೋಗದಿರಲಿ ಎಂದು ಕೆಲಸಗಾರರು ಗುಡ್ಡೆಯ ಮೇಲೆ ತಾಡಪಾಲು ಹಾಸಿದರು. ಕಲ್ಲು ತರುತ್ತೇವೆ, ಅಲ್ಲಿವರೆಗೆ ಹಿಡಿದುಕೊಳ್ಳಿ ಎಂದು ಪಾಲುದಾರನಿಗೆ ಹೇಳಿ ಇಳಿಜಾರಿನತ್ತ ಹೋದರು. ಅವನು ಮಂಡಿಯೂರಿದ. ಮಗಳು ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟಳು. ತಾಯಿ ಅವಳ ಮಣಿಕಟ್ಟು ಹಿಡಿದು ವ್ಯಾನಿನ ಕಡೆ ನಡೆದಳು.

ವ್ಯಾನು ತಿರುಗುವಾಗ ಮಗಳು ಕಿಟಕಿಯಿಂದ ನೋಡಿದಳು. ಕಲ್ಲು ತರಲು ಹೋದವರು ಇನ್ನೂ ಬಂದಿರಲಿಲ್ಲ. ಪಾಲುದಾರ ಗುಡ್ಡೆಯ ಮೇಲೆ ಬೋರಲಾಗಿ ಬಿದ್ದು ಎರಡೂ ಕೈ ಚಾಚಿದ್ದ. ಎರಡು ಮೂಲೆ ಅದುಮಿದರೆ ಇನ್ನೆರಡು ಮೂಲೆ ಎದ್ದು ಅವನ ಬೆನ್ನಿಗೆ ಪಟಪಟನೆ ಬಡಿಯುತ್ತಿದ್ದವು.