ಚಟ್ ಅಂದ ಬಂದೂಕಿಗೆ ಬಾಯಿ ಹಚ್ಚಬೇಡಿ

ದೀಪಾವಳಿ ಕಳೆದು ನಾಲ್ಕನೆಯ ದಿನ, ಸೋಮವಾರ, ಹೊತ್ತು ಮುಳುಗಿ ದನಗಳು ಮನೆಗೆ ತಿರುಗುವ ವೇಳೆ. ಕೃಷ್ಣಾ ನದಿಯ ಕಡೆಯಿಂದ ತಣ್ಣನೆಯ ಗಾಳಿ ಬಿಟ್ಟಿತ್ತು. ಐನಾಪುರದ ಆಚೆ, ತೋಟದ ಮನೆಯಲ್ಲಿ ಸಾವಕ್ಕ ರೊಟ್ಟಿ ಬಡಿಯುತ್ತಿದ್ದಳು. ಗೋವಿನಜೋಳದ ಹೊಲದಿಂದ ‘ಚಟ್’ ಎಂದು ಸಪ್ಪಳ ಬಂತು. ‘ಢಂ’ ಎನ್ನಬೇಕಿತ್ತು, ಎನ್ನಲಿಲ್ಲ.

“ಇವತ್ತೂ ಹಂಗ ಆತು,” ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಸಾವಕ್ಕನ ಗಂಡ ಮಲಕಾರಿಗೆ ಎರಡೂವರೆ ಎಕರೆ ಹೊಲ, ಹದಿನೆಂಟು ಕುರಿ. ಸುತ್ತಲಿನ ಕಬ್ಬಿನಲ್ಲಿ ಅಡಗಿದ ಹಂದಿಗಳು ಸಂಜೆಯಾದರೆ ಅವನ ಗೋವಿನಜೋಳಕ್ಕೆ ನುಗ್ಗುತ್ತಿದ್ದವು. ಬೆಳೆ ಕಾಯಲೆಂದು ಅವನ ಹತ್ತಿರ ಲೈಸನ್ಸಿನ ಹಳೆಯ ಬಂದೂಕು ಇತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಮೇಲೆ ಚಿಂದಿ ಒತ್ತಿ, ಹಿಂದೆ ಬಡಿದರೆ ಕಿಡಿ ಹಾರುವ ಒಂದು ಕೇಪು ಇಟ್ಟು ಹಾರಿಸುವಂಥದ್ದು. ಅವನು ಗುಂಡು ಹಾಕುತ್ತಿರಲಿಲ್ಲ. ಸಪ್ಪಳಕ್ಕೆ ಹಂದಿ ಓಡಿದರೆ ಅವನಿಗೆ ಸಾಕಿತ್ತು.

ಖಂಡೇನವಮಿಯ ಆಯುಧಪೂಜೆಯಾದ ಮೇಲೆ ಬಂದೂಕು ಮುನಿಸಿಕೊಂಡಿತ್ತು. ಕೇಪು ಸಿಡಿಯುತ್ತಿತ್ತು, ಮದ್ದು ಹೊತ್ತುತ್ತಿರಲಿಲ್ಲ. ಹಾಗಾದಾಗಲೆಲ್ಲ ಮಲಕಾರಿ ನಳಿಗೆಗೆ ಬಾಯಿ ಹಚ್ಚಿ ‘ಉಫ್’ ಎಂದು ಊದುತ್ತಿದ್ದ, ಮತ್ತೊಂದು ಕೇಪು ಇಡುತ್ತಿದ್ದ. ಒಮ್ಮೊಮ್ಮೆ ಹಾರುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಅಂದು ಎರಡನೆಯ ಕೇಪಿಗೂ ಹಾರಲಿಲ್ಲ. ಮದ್ದು ತುಂಬಿದ್ದ ಬಂದೂಕನ್ನು ಹಾಗೆಯೇ ತಂದು ಗೋಡೆಯ ಗೂಟಕ್ಕೆ ತೂಗುಹಾಕಿದ.

“ಪೂಜಾದಾಗ ಏನೋ ಕಡಿಮಿ ಮಾಡೀಯ ಬೇ ನೀ. ಅದಕ್ಕ ಸಿಟ್ಟ ಬಂದೈತಿ,” ಎಂದ.

“ಏನ ಕಡಿಮಿ ಮಾಡೇನಿ? ನಿನ್ನಕಿಂತ ಹೆಚ್ಚ ಜ್ವಾಕಿ ಮಾಡೇನಿ ಅದನ್ನ!”

ಮಾತಿಗೆ ಹಾಗೆ ಅಂದಳು, ಆದರೆ ಮನಸ್ಸು ತಡೆಯಲಿಲ್ಲ. ಅವನು ಕೈಕಾಲು ತೊಳೆಯಲು ಹೋದಾಗ ಬಟ್ಟಲಲ್ಲಿ ಶೇಂಗಾ ಎಣ್ಣೆ ತಂದಳು, ದೇವರ ಮುಂದಿನ ಅರಿಶಿನದ ಭಂಡಾರ ತಂದಳು. ಕಬ್ಬಿಣಕ್ಕೆಲ್ಲ ಎಣ್ಣೆ ಸವರಿದಳು. ಕೇಪು ಕೂಡುವ ಜಾಗಕ್ಕೆ ಒಂದು ಚಿಟಿಕೆ ಹೆಚ್ಚಿಗೆಯೇ ಭಂಡಾರ ಒತ್ತಿ ಕೈಮುಗಿದಳು. ಖಂಡೇನವಮಿಯಿಂದ ಇದು ನಾಲ್ಕನೆಯ ಸಲ.

ಮಂಗಳವಾರ ಸಂಜೆ ಪಕ್ಕದ ಹೊಲದ ಸುಲ್ತಾನಬಿ ಬದುವಿನ ಮೇಲೆ ಬಂದು ನಿಂತಳು. ಜೊತೆಗೆ ಅವಳ ಅಣ್ಣ ಅಕ್ಬರಸಾಬರಿದ್ದರು. ಅಥಣಿಯ ಒಂದು ಬಂದೂಕು ರಿಪೇರಿ ಅಂಗಡಿಯಲ್ಲಿ ನಲವತ್ತು ವರ್ಷ ದುಡಿದು ಈಗ ಮನೆ ಹಿಡಿದವರು, ತಂಗಿಯ ಮನೆಗೆ ನಾಲ್ಕು ದಿನ ಇರಲು ಬಂದಿದ್ದರು. ಸಾವಕ್ಕನೂ ಹೊಲಕ್ಕೆ ಬಂದಿದ್ದಳು. ಗೋವಿನಜೋಳದ ಆಚೆ ದಂಟು ಮುರಿಯುವ ಸಪ್ಪಳ ಕೇಳುತ್ತಿತ್ತು.

ಮಲಕಾರಿ ಹೊಸ ಕೇಪು ಇಟ್ಟ, ಒತ್ತಿದ. ಚಟ್.

“ಥೂ ಇದರ!” ಎಂದು ಬಂದೂಕು ಇಳಿಸಿ, ನಳಿಗೆಯ ಬಾಯಿಯನ್ನು ತನ್ನ ತುಟಿಯ ಕಡೆಗೆ ತಂದ.

“ಮಲಕಾರೀ! ಬ್ಯಾಡ! ನಳಿಗಿ ಬದುವಿಗಿ ಹಿಡಿ! ಹಂಗ ನಿಂದ್ರು!” ಅಕ್ಬರಸಾಬರು ಕೂಗಿದ ಕೂಗಿಗೆ ಕುರಿಗಳೂ ತಲೆ ಎತ್ತಿದವು.

ಮಲಕಾರಿ ನಕ್ಕ. ಹಿರಿಯರ ಮಾತೆಂದು ನಳಿಗೆಯನ್ನು ಯಾರೂ ಇಲ್ಲದ ಬದುವಿನ ಕಡೆ ತಿರುಗಿಸಿದ. “ಯಾಕ್ರೀ ಸಾಬ್ರ, ಸತ್ತ ಬಂದೂಕೈತಿ ಇದು, ಇದಕ್ಕ ಎಷ್ಟ…”

ಢಂ!

ಕುರಿಗಳು ದಿಕ್ಕಾಪಾಲಾಗಿ ಓಡಿದವು. ಬದುವಿನ ಹುಲ್ಲಿನಲ್ಲಿ ಚಿಂದಿ ಹೊಗೆಯಾಡುತ್ತಿತ್ತು. ಸಾವಕ್ಕ ಓಡಿ ಬಂದು ಗಂಡನ ಮುಖ ಹಿಡಿದು ಕಣ್ಣು, ಮೂಗು, ತುಟಿ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

“ಎಲ್ಲಾ ಇದ್ದಲ್ಲೇ ಅದಾವ ಬಿಡ ಬೇ, ಮಂದಿ ನೋಡಾಕತ್ತಾರ,” ಎಂದ ಮಲಕಾರಿ. ಆದರೆ ಬಂದೂಕನ್ನು ಮೈಯಿಂದ ದೂರವೇ ಹಿಡಿದಿದ್ದ.

ಅಂದು ರಾತ್ರಿ ಸಾವಕ್ಕನಿಗೆ ಊಟ ಸೇರಲಿಲ್ಲ. ಬೆಳೆ ಹೋದರೆ ಹೋಗಲಿ, ನಾಳೆಯೂ ಇವನು ಊದಿದರೆ? ಇದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಮಲಕಾರಿ ಮಾತ್ರ, “ಕೇಪಿನ ಮಾಲ ಸರಿ ಇಲ್ಲ, ಅಷ್ಟ,” ಎಂದು ಮಗ್ಗಲು ಬದಲಿಸಿದ.

ಬುಧವಾರ ಮುಂಜಾನೆ ಅವಳೇ ಅಕ್ಬರಸಾಬರನ್ನು ಕರೆದು ತಂದು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು.

“ಅಣ್ಣಾ, ನೀವರ ಹೇಳ್ರಿ ಇವರಿಗೆ. ನನ್ನ ಮಾತ ಗಾಳಿಗಿ ಹೊಕ್ಕೈತಿ.”

“ಇಷ್ಟ ದಿನ ಊದೇನಿ, ಏನಾಗೇತಿ?” ಎಂದ ಮಲಕಾರಿ.

ಅಕ್ಬರಸಾಬರು ತಮ್ಮ ಬಿಳಿ ಗಡ್ಡವನ್ನು ಎರಡು ಬೆರಳಿನಿಂದ ಸರಿಸಿದರು. ಗದ್ದದ ತುಂಬ ನೀಲಿ ಚುಕ್ಕೆಗಳು.

“ಹಚ್ಚಿ ಅಲ್ಲೇನ್ರಿ ಅದು?” ಎಂದಳು ಸಾವಕ್ಕ.

“ಗಂಡಸ ಗದ್ದಕ್ಕ ಯಾರ ಹಚ್ಚಿ ಹಾಕಸ್ತಾರವ್ವಾ? ಮದ್ದು ಇದು. ಇಪ್ಪತ್ತೆರಡ ವರ್ಷದಾಂವ ಇದ್ದೆ. ನಾನೂ ಇವನಂಗ ಶಾಣ್ಯಾ. ಚಟ್ ಅಂತು, ಊದಾಕ ಬಗ್ಗಿದೆ. ನಳಿಗಿ ಸೊಲ್ಪ ಅಡ್ಡ ಇತ್ತಂತ ಕಣ್ಣ ಉಳದಾವ.” ಅವರು ಚಹಾ ಗುಟುಕರಿಸಿದರು. “ಹಾರಿಲ್ಲ ಅಂದ್ರ ಸತ್ತೈತಿ ಅಂತಲ್ಲೋ ತಮ್ಮಾ. ಒಳಗ ಕಿಡಿ ಕುಂತಿರ್ತೈತಿ. ಬಯಲ ಕಡೆ ಹಿಡಕೊಂಡು ನಿಂದ್ರಬೇಕು. ಮೂರ ಮಿನಿಟ. ಸಾವಕಾಶ ಇನ್ನೂರ ಎಣಿಸು. ಆಮ್ಯಾಲ ಮುಂದಿನ ಮಾತು.”

“ಅಷ್ಟೊತ್ತಿಗೆ ಹಂದಿ ಅರ್ಧಾ ಹೊಲಾ ತಿಂದ ಹೊಕ್ಕಾವಲ್ರಿ!”

“ತಿನ್ನಲಿ. ಹೊಲಾ ಮತ್ತ ಬಿತ್ತಾಕ ಬರ್ತೈತಿ. ಮಾರಿ ಬಿತ್ತಾಕ ಬರ್ತೈತೇನೋ?” ಎಂದು ಅವರು ಅವನ ಮುಖಕ್ಕೆ ಬೆರಳು ತೋರಿಸಿದರು.

ಸಾವಕ್ಕ ಸೆರಗು ಅಡ್ಡ ಹಿಡಿದು ನಕ್ಕಳು. ಮಲಕಾರಿ ಬಂದೂಕು ತಂದ.

ಅಕ್ಬರಸಾಬರು ಮೊದಲು ಮದ್ದು ಒತ್ತುವ ಗಜವನ್ನು ನಳಿಗೆಯಲ್ಲಿ ಇಳಿಸಿದರು. ತಳಕ್ಕೆ ಮುಟ್ಟಿತು. ಒಳಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಚಾಕುವಿನಿಂದ ಗೆರೆ ಎಳೆದರು. “ಗೆರಿತನಾ ಇಳಿದ್ರ ಖಾಲಿ. ಗೆರಿ ಮ್ಯಾಲ ನಿಂತ್ರ ಒಳಗ ಮಾಲೈತಿ. ನೋಡದ ಕೈ ಹಚ್ಚಬ್ಯಾಡ.”

ಆಮೇಲೆ ಖಾಲಿ ಬಂದೂಕಿಗೆ ಬರೀ ಕೇಪು ಇಡಿಸಿ, ನಳಿಗೆಯ ಬಾಯಿಯನ್ನು ಅಂಗಳದಾಚೆ ಹುಲ್ಲಿನ ಕಡೆ ಹಿಡಿಸಿದರು.

“ಹೊಡಿ. ಹುಲ್ಲ ನೋಡು.”

ಚಟ್. ಹುಲ್ಲು ಅಲುಗಲಿಲ್ಲ.

“ಕೇಪಿನ ಬೆಂಕಿ ನಳಿಗಿ ದಾಟಿದ್ರ ಹುಲ್ಲ ಬಾಗಬೇಕು. ದಾರಿ ಕಟ್ಟೈತಿ.” ಕೇಪು ಕೂಡುವ ಸಣ್ಣ ಮೊಳೆಯನ್ನು ತಿರುವಿ ಬಿಚ್ಚಿದರು. ಅದರ ನಡುವೆ ಸೂಜಿ ಹೋಗುವಷ್ಟೇ ತೂತು. ತಂತಿಯಿಂದ ಚುಚ್ಚಿದರೆ ಹಳದಿ ಮೇಣದಂಥದ್ದು ಹೊರಬಂತು. ಮೂಗಿಗೆ ಹಿಡಿದು ನೋಡಿದರು. “ಬಂದೂಕಿಗೆ ಯಾರೋ ಒಗ್ಗರಣಿ ಹಾಕ್ಯಾರಲ್ಲೋ! ಶೇಂಗಾ ಎಣ್ಣಿ, ಅರಿಷಿಣ… ಸಾಸಿವಿ ಒಂದ ಕಡಿಮಿ.”

ಸಾವಕ್ಕನ ಮುಖ ಬಿಸಿಯಾಯಿತು. ಸುಮ್ಮನಿರಬಹುದಿತ್ತು. ನಿನ್ನೆಯ ಸಂಜೆ ಕಣ್ಣಮುಂದೆ ಬಂತು.

“ಅರಿಷಿಣ ಅಲ್ರಿ, ಭಂಡಾರ. ನಾನ ಹಚ್ಚೇನಿ. ಒಮ್ಮಿ ಅಲ್ಲ, ನಾಕ ಸಲ. ಹಾರವಲ್ದು ಅಂತ ಮತ್ತ ಮತ್ತ ಹಚ್ಚಿದೆ. ಮೊನ್ನಿ ಮದ್ದ ತುಂಬಿದ್ದು ಗೂಟಕ್ಕ ಇದ್ದಾಗೂ ಹಚ್ಚೇನಿ.”

ಮಲಕಾರಿ ಹೆಂಡತಿಯನ್ನು ನೋಡಿದ. ಬೈಯಲು ಬಾಯಿ ತೆರೆದವನಿಗೆ, ಪೂಜೆ ಕಡಿಮೆಯಾಯಿತೆಂದು ತಾನೇ ಅಂದದ್ದು ನೆನಪಾಗಿರಬೇಕು. ತಲೆ ಕೆರೆದುಕೊಂಡ.

“ಭಕ್ತಿಗಿ ಯಾರ ಬ್ಯಾಡ ಅಂತಾರವ್ವಾ,” ಎಂದರು ಅಕ್ಬರಸಾಬರು. “ಹಿಂದಿನ ಕಟ್ಟಿಗಿಗೆ ಹಚ್ಚು, ಕೈ ಮುಗಿ. ಬೆಂಕಿ ಹೋಗು ದಾರಿಗಿ ಬ್ಯಾಡ. ಮದ್ದ ತುಂಬಿದ ಬಂದೂಕಿಗಂತೂ ಕೈನ ಹಚ್ಚಬ್ಯಾಡ. ತುಂಬಿದ್ದನ್ನ ಮನ್ಯಾಗ ತೂಗಹಾಕಿ ಇವನೂ ತಪ್ಪ ಮಾಡ್ಯಾನ.”

ಬಿಸಿನೀರು, ಸಾಬೂನು ತರಿಸಿ ಮಲಕಾರಿಯ ಕೈಯಿಂದಲೇ ನಳಿಗೆ ತೊಳೆಸಿದರು. ಚಿಂದಿ ಕಪ್ಪಾಗದೆ ಹೊರಬರುವತನಕ ಒರೆಸಿಸಿದರು, ಬಿಸಿಲಿಗೆ ಇಡಿಸಿದರು. ತುಕ್ಕು ಹಿಡಿಯದಂತೆ ಬಂದೂಕಿನ ಎಣ್ಣೆಯನ್ನು ತೆಳ್ಳಗೆ ಸವರಬೇಕು, ಮದ್ದು ತುಂಬುವ ಮುಂಚೆ ಅದನ್ನೂ ಒರೆಸಿ ತೆಗೆಯಬೇಕು ಎಂದರು. ಮದ್ದಿನ ಡಬ್ಬಿ ನೀರಿನ ಹಂಡೆಯ ಪಕ್ಕದ ಗೂಡಿನಲ್ಲಿತ್ತು. ತಂಪು ಹಿಡಿದ ಮದ್ದೂ ಹೀಗೆಯೇ ಕೈಕೊಡುತ್ತದೆಂದು ಅದನ್ನು ಒಲೆಗೂ ನೀರಿಗೂ ದೂರದ ಪೆಟ್ಟಿಗೆಗೆ ಹಾಕಿ ಬೀಗ ಜಡಿಸಿದರು.

ಮೊಳೆಯನ್ನು ತಿರುವಿ ಕೂರಿಸಿ, ಗಜ ಇಳಿಸಿ ನೋಡಿ, ಮತ್ತೆ ಬರೀ ಕೇಪು ಇಟ್ಟು ಹೊಡೆದಾಗ ಹುಲ್ಲು ಗಾಳಿ ಬೀಸಿದಂತೆ ಬಾಗಿತು.

“ಆಹಾ!” ಎಂದ ಮಲಕಾರಿ. “ಇನ್ನೊಮ್ಮಿ ಹೊಡೀಲ್ಯಾ?”

“ಕೇಪ ನಿಮ್ಮಪ್ಪ ಕೊಡಸ್ತಾನೇನು? ಇಡು,” ಎಂದರು ಅಕ್ಬರಸಾಬರು.

“ಮತ್ತ ಇಷ್ಟೆಲ್ಲಾ ಮಾಡಿನೂ ಹಾರಲಿಲ್ಲ ಅಂದ್ರ?” ಎಂದು ಕೇಳಿದವಳು ಸಾವಕ್ಕ.

“ಬಯಲಿಗಿ ಹಿಡದ ಇನ್ನೂರ ಎಣಿಸೂದು. ಹಳೆ ಕೇಪ ತಗದು, ತೂತಿಗಿ ತಂತಿ ಆಡಿಸಿ, ಹೊಸಾದ ಇಡೂದು. ಅದಕೂ ಹಾರಲಿಲ್ಲ ಅಂದ್ರ ಮತ್ತ ಇನ್ನೂರ ಎಣಿಸಿ, ಕೇಪ ತಗದು, ನಳಿಗಿ ಬಾಯಾಗ ನೀರ ಹೊಯ್ದು ಮದ್ದ ನೆನಸಿಬಿಡೂದು. ಆ ಮ್ಯಾಲಿಂದು ಲೈಸನ್ಸ್ ಇದ್ದ ರಿಪೇರಿ ಅಂಗಡಿ ಕೆಲಸ. ಏನ ಮಾಡಿದ್ರೂ ಬಾಯಿ ಹಚ್ಚೂದು, ಇಣಕೂದು ಇಲ್ಲ.”

ಅಂದು ಸಂಜೆ ಹಂದಿಗಳು ಬಂದವು. ಮಲಕಾರಿ ಬದುವಿನ ಕಡೆ ಹಿಡಿದು ಒತ್ತಿದ. ಮೊದಲ ಕೇಪಿಗೇ ಢಂ! ಇಡೀ ಹಿಂಡು ಹೊಲ ಬಿಟ್ಟು ಓಡಿತು. ಊಟಕ್ಕೆ ಕುಳಿತಾಗ ಅವನು, “ಪೂಜಾ ಚೊಲೋನ ಮಾಡಿದ್ದಿ ಬೇ, ಜಾಗಾ ತಪ್ಪಿತ್ತು,” ಎಂದ. ಸಾವಕ್ಕ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ತಾನೂ ಹೊಟ್ಟೆ ತುಂಬ ಉಂಡಳು.

ಓದುವ ಅಣ್ಣಂದಿರೇ, ಕೇಳುವ ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಬೆಳೆ ಕಾಯುವ ಲೈಸನ್ಸಿನ ಬಂದೂಕು ಇದ್ದರೆ ಇಂದೇ ಗಜ ಇಳಿಸಿ ನೋಡಿ, ಖಾಲಿಯೆಂದು ಖಾತ್ರಿಯಾದರೆ ಗೆರೆ ಎಳೆಯಿರಿ. ಹಾರದ ಬಂದೂಕನ್ನು ಬಯಲ ಕಡೆ ಹಿಡಿದು ಇನ್ನೂರು ಎಣಿಸಿ. ಮನೆಯ ಗಂಡಸು ಮರೆತರೆ ಹೆಣ್ಣುಮಕ್ಕಳು ಗಟ್ಟಿಯಾಗಿ ಕೂಗಿ ಹೇಳಿ, ನಾಚಬೇಡಿ. ಎಣಿಸಲು ತಗಲುವುದು ಮೂರೇ ನಿಮಿಷ.

ಗುರುವಾರ ಮುಂಜಾನೆ ಅಕ್ಬರಸಾಬರು ಅಥಣಿಯ ಬಸ್ಸು ಹತ್ತಿ ಹೋದರು. ಬಸ್ಸಿನತನಕ ಅವರ ಚೀಲ ಹೊತ್ತು ನಡೆದವನು ಮಲಕಾರಿ.